ಚರಂಡಿಯ ರೊಕ್ಕ ನೀರಿಗೆ ಹೋಯ್ತು: ಐದು ಊರುಗಳ ಜಮಾ-ಖರ್ಚಿನ ಕಥೆ

(ಈ ವಾರದ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.)

 

ಇವತ್ತಿನ ವಿಷಯ ಕೇಳಿದ ಕೂಡಲೇ ಸ್ಕಿಪ್ ಮಾಡಬೇಡಿ. ವಿಷಯ ಪುರಸಭೆ ಬಜೆಟ್. ಹೌದು, ಅದೇ. ಪೇಪರ್‌ನಲ್ಲಿ ವರ್ಷಕ್ಕೊಮ್ಮೆ 'ಪುರಸಭೆಯಿಂದ ಉಳಿತಾಯ ಬಜೆಟ್ ಮಂಡನೆ' ಅಂತ ನಾಲ್ಕು ಸಾಲು ಬರುತ್ತಲ್ಲ, ಅದು. ನಾನೂ ಅದನ್ನ ದಾಟಿಕೊಂಡೇ ಹೋಗ್ತಿದ್ದೆ. ಆದರೆ ಆ ನಾಲ್ಕು ಸಾಲಿನೊಳಗೆ ನಮ್ಮ ಮನೆಯ ಮೂರು ವರ್ಷ ಸಿಕ್ಕಿಹಾಕಿಕೊಂಡಿದ್ದವು ಅಂತ ಗೊತ್ತಾಗಿದ್ದು ತಡವಾಗಿ.

ನಮ್ಮಪ್ಪ ನಾಲ್ಕನೇ ದರ್ಜೆ ಗುತ್ತಿಗೆದಾರ. ದೊಡ್ಡ ಗುತ್ತಿಗೆದಾರ ಅಂದಾಗ ನಿಮ್ಮ ಕಣ್ಣಿಗೆ ಬರೋ ಬಿಳಿ ಕಾರು, ಬಿಳಿ ಅಂಗಿ ಅಲ್ಲ. ಒಂದು ಹಳೇ ಮೋಟರ್‌ಸೈಕಲ್ಲು, ನಾಲ್ಕು ಜನ ಗೌಂಡಿಗಳು, ಬಾಡಿಗೆಗೆ ತಂದ ಮಿಕ್ಸರ್. ನಮ್ಮ ಭಾಗದ ಒಂದು ಊರಲ್ಲಿ, ಯಾವ ಊರು ಅಂತ ಹೇಳಲ್ಲ, 2016ರ ಫೆಬ್ರುವರಿಯಲ್ಲಿ ಒಂದು ಚರಂಡಿ ಕಟ್ಟಿದರು. ಎರಡು ಲಕ್ಷ ಚಿಲ್ಲರೆ ಕೆಲಸ. ಅಳತೆ ಪುಸ್ತಕದಲ್ಲಿ ಬರೆದಾಯ್ತು, ಬಿಲ್ ಕೊಟ್ಟಾಯ್ತು. ಮಾರ್ಚ್ 31ರೊಳಗೆ ಬರುತ್ತೆ ಅಂದರು. ಬಂದಿದ್ದು 2019ರಲ್ಲಿ, ಅದೂ ಎರಡು ಕಂತಲ್ಲಿ. ಅಷ್ಟರಲ್ಲಿ ಅವ್ವನ ಸರ ಬ್ಯಾಂಕಿನಲ್ಲಿ ಅಡವಿತ್ತು, ನಾನು ಡಿಗ್ರಿ ಒಂದು ವರ್ಷ ಬಿಟ್ಟು ಮೊಬೈಲ್ ಅಂಗಡಿಯಲ್ಲಿ ಕೂತಿದ್ದೆ.

ನನಗೆ ಸಿಟ್ಟಿತ್ತು. ಯಾರೋ ತಿಂದಿದ್ದಾರೆ ಅಂತ. ಒಂದು ದಿನ ಅಪ್ಪನ್ನ ನೇರವಾಗಿ ಕೇಳಿದೆ. ಅವರು ಅಂದಿದ್ದು ಇಷ್ಟೇ: "ಯಾರೂ ತಿಂದಿಲ್ಲೋ ತಮ್ಮಾ. ನಮ್ಮ ಚರಂಡಿ ರೊಕ್ಕ ನೀರಿಗಿ ಹೋಗ್ಯಾದ."

ಆ ಮಾತಿನ ಅರ್ಥ ಹುಡುಕುತ್ತಾ ಹೋಗಿ ಈ ಸಂಚಿಕೆ ಆಯ್ತು. ಅರ್ಥ ಆಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ವಲ್ಪ ಅಂದರೆ, ನೂರೈವತ್ತು ವರ್ಷ.

ಗುತ್ತೇದಾರ ಅನ್ನೋ ಪದ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಈ ಐದೂ ಊರು ಕಲಬುರಗಿ ಜಿಲ್ಲೆಯವು. 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ನಿಜಾಮನ ಸಂಸ್ಥಾನದಲ್ಲಿದ್ದವು. ಅದಕ್ಕೇ ನಮ್ಮ ಕಡೆ ಕಚೇರಿಯ ಮಾತೆಲ್ಲ ಉರ್ದು ವಾಸನೆಯದ್ದು: ಜಮಾ, ಖರ್ಚು, ಬಾಕಿ, ದಫ್ತರ, ರಸೀದಿ.

ಇನ್ನೊಂದು ಪದ ಇದೆ, ಗುತ್ತೇದಾರ. ನಮ್ಮ ಜಿಲ್ಲೆಯಲ್ಲಿ ಅದು ಅಡ್ಡಹೆಸರೇ ಆಗಿಬಿಟ್ಟಿದೆ. ಗುತ್ತಾ ಅಂದರೆ ಗುತ್ತಿಗೆ. ಆದರೆ ಆಗಿನ ಗುತ್ತಿಗೆ ರಸ್ತೆ ಮಾಡೋದಕ್ಕಲ್ಲ, ವಸೂಲಿ ಮಾಡೋದಕ್ಕೆ. 19ನೇ ಶತಮಾನದ ಮಧ್ಯದವರೆಗೂ ಸಂಸ್ಥಾನದಲ್ಲಿ ಭೂಕಂದಾಯವನ್ನೇ ಗುತ್ತಿಗೆಗೆ ಕೊಡ್ತಿದ್ದರು. 'ಸರಕಾರಕ್ಕೆ ಇಷ್ಟು ಕಟ್ಟು, ಉಳಿದದ್ದು ನಿಂದು' ಅನ್ನೋ ಲೆಕ್ಕ. ದಿವಾನರಾಗಿದ್ದ ಸಾಲಾರ್ ಜಂಗ್ ಅದನ್ನ ಕಿತ್ತುಹಾಕಿ, 1865ರ ಹೊತ್ತಿಗೆ ಜಿಲ್ಲೆಗಳನ್ನ ಮಾಡಿ, ಸಂಬಳದ ಅಧಿಕಾರಿಗಳನ್ನ ಕೂರಿಸಿದರು. ಶೇಂದಿ, ಸಾರಾಯಿಯ ಗುತ್ತಿಗೆ ಮಾತ್ರ ಆಮೇಲೂ ಬಹಳ ಕಾಲ ನಡೀತು. ಇದರ ಜೊತೆ ಜಿಲ್ಲೆಯ ಹಲವು ಭಾಗಗಳು ಪಾಯಗಾ ಮನೆತನಗಳ ಜಾಗೀರಿನಲ್ಲಿದ್ದವು. 1949ರಲ್ಲಿ ಜಾಗೀರು ರದ್ದಾಗೋವರೆಗೂ ಅಲ್ಲಿನ ತೆರಿಗೆ ಅವರಿಗೇ.

ಒಂದು ಸಣ್ಣ ತಮಾಷೆ ಗಮನಿಸಿ. ಆಗ ಗುತ್ತಿಗೆ ಇದ್ದದ್ದು ಜನರಿಂದ ದುಡ್ಡು ಎತ್ತೋದಕ್ಕೆ. ಈಗ ಇರೋದು ಜನರ ದುಡ್ಡು ಖರ್ಚು ಮಾಡೋದಕ್ಕೆ. ಪದ ಅದೇ, ದಿಕ್ಕು ಮಾತ್ರ ತಿರುವುಮುರುವು. ಗುತ್ತಿಗೆದಾರ ಅಂದ ಕೂಡಲೇ ನಮ್ಮ ಜನ ಮೂಗು ಮುರಿಯೋದಕ್ಕೆ ಆ ಹಳೇ ನೆನಪೂ ಒಂದು ಕಾರಣ ಇರಬಹುದು ಅಂತ ನನಗನ್ನಿಸುತ್ತೆ.

ಕಲ್ಲು, ಸಿಮೆಂಟು, ರೈಲು

ಈಗ ರೈಲಿಗೆ ಬರೋಣ. 1871ರ ಹೊತ್ತಿಗೆ ಮುಂಬೈ ಕಡೆಯ ಹಳಿ ಶಹಾಬಾದ್, ವಾಡಿ ದಾಟಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದ್‌ಗೆ ನಿಜಾಮನ ರೈಲು ಶುರುವಾಯ್ತು. ನೆಲದಡಿ ಸುಣ್ಣದ ಕಲ್ಲು, ನೆಲದ ಮೇಲೆ ರೈಲು. ಶಹಾಬಾದ್ ಫರ್ಸಿ ದಕ್ಷಿಣ ಭಾರತದ ಎಷ್ಟೋ ಮನೆಗಳ ನೆಲಕ್ಕೆ ಹೋಯ್ತು. 1920ರ ದಶಕದಲ್ಲಿ ಶಹಾಬಾದ್‌ನಲ್ಲಿ ಸಿಮೆಂಟ್ ಕಂಪನಿ ಬಂತು. 1936ರಲ್ಲಿ ಹಲವು ಕಂಪನಿಗಳು ಸೇರಿ ಎಸಿಸಿ ಆದಾಗ ಅದೂ ಒಳಗೆ ಸೇರಿತು. ವಾಡಿಯಲ್ಲಿ 1960ರ ದಶಕದ ಕೊನೆಗೆ, ಸೇಡಂ ಮತ್ತು ಮಳಖೇಡದಲ್ಲಿ 1980ರ ದಶಕದಲ್ಲಿ ಕಾರ್ಖಾನೆಗಳು ಎದ್ದವು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದೆಯಲ್ಲ, ಅದೇ ಈ ಮಳಖೇಡ. ಅಮೋಘವರ್ಷ ನೃಪತುಂಗನ ಊರಲ್ಲಿ ಈಗ ಸಿಮೆಂಟ್ ಚಿಮಣಿ.

ಹಾಗಾದರೆ ಈ ಊರುಗಳ ಮುನ್ಸಿಪಾಲ್ಟಿ ಶ್ರೀಮಂತ ಇರಬೇಕಲ್ವಾ? ಕಥೆಯ ಗಂಟು ಇರೋದು ಇಲ್ಲೇ.

ಕಲ್ಲು ತೆಗೆದಿದ್ದಕ್ಕೆ ಬರೋ ರಾಯಲ್ಟಿ ಹೋಗೋದು ರಾಜ್ಯಕ್ಕೆ, ಪುರಸಭೆಗಲ್ಲ. ಕಾರ್ಖಾನೆಯ ಕಾಲೊನಿಗಳ ಲೆಕ್ಕ ಬೇರೆ. ಜನಗಣತಿಯ ಪಟ್ಟಿ ತೆಗೆದು ನೋಡಿ: 'ಶಹಾಬಾದ್' ಬೇರೆ, 'ಶಹಾಬಾದ್ ಎಸಿಸಿ' ಬೇರೆ. 'ವಾಡಿ' ಬೇರೆ, 'ವಾಡಿ ಎಸಿಸಿ' ಬೇರೆ. ಗೋಡೆಯ ಆ ಕಡೆ ಒಂದು ಊರು, ಈ ಕಡೆ ಇನ್ನೊಂದು. ಲಾರಿ ಓಡಾಡಿ ರಸ್ತೆ ಕಿತ್ತುಹೋಗೋದು ಮಾತ್ರ ಎರಡೂ ಕಡೆ ಒಂದೇ ಥರ.

ಮುತ್ಯಾನ ನಾಕಾ

1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆಗ ನಮ್ಮ ಊರುಗಳಿಗೆ ಇದ್ದದ್ದು ಹೈದರಾಬಾದ್ ರಾಜ್ಯದ ಕಡೆಯಿಂದ ಬಂದ 1956ರ ಜಿಲ್ಲಾ ಮುನ್ಸಿಪಾಲಿಟಿ ಕಾನೂನು. ಬೆಳಗಾವಿ ಕಡೆ ಮುಂಬೈ ಕಾನೂನು, ಮಂಗಳೂರು ಕಡೆ ಮದ್ರಾಸ್ ಕಾನೂನು, ಮೈಸೂರಿಗೆ ಅದರದ್ದೇ, ಕೊಡಗಿಗೆ ಕೊಡಗಿನದ್ದು. ಒಂದೇ ರಾಜ್ಯ, ಐದು ಥರದ ಮುನ್ಸಿಪಾಲಿಟಿ! ಇದನ್ನೆಲ್ಲ ಒಟ್ಟುಗೂಡಿಸಿದ್ದು 1964ರ ಪುರಸಭೆಗಳ ಕಾಯ್ದೆ. ಇವತ್ತಿಗೂ ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಪುರಸಭೆಗಳು, ಶಹಾಬಾದ್ ನಗರಸಭೆ ನಡೆಯೋದು ಅದರ ಮೇಲೆಯೇ.

ಆ ಕಾಯ್ದೆ ಊರುಗಳಿಗೆ ಒಂದು ಹರಿಯೋ ಆದಾಯ ಕೊಟ್ಟಿತ್ತು, ಆಕ್ಟ್ರಾಯ್. ಊರೊಳಗೆ ಬರೋ ಸರಕಿನ ಮೇಲೆ ಸುಂಕ. ಊರ ಬಾಯಲ್ಲಿ ಒಂದು ನಾಕಾ, ಒಂದು ಅಡ್ಡ ಬೊಂಬು, ಒಂದು ರಸೀದಿ ಪುಸ್ತಕ. ನಮ್ಮ ಮುತ್ಯಾ ಅಂಥ ಒಂದು ನಾಕಾದಲ್ಲಿ ರಸೀದಿ ಹರೀತಿದ್ದ. ಬಂಡಿ, ಲಾರಿ ನಿಲ್ಲಿಸೋದು, ಎಣಿಸೋದು, ರೊಕ್ಕ ತಗೊಳ್ಳೋದು. ಕಿರಿಕಿರಿಯೂ ಇತ್ತು, ಲಂಚವೂ ಇತ್ತು, ಮುತ್ಯಾನೇ ಒಪ್ಪಿಕೊಳ್ತಿದ್ದ. ಆದರೆ ಒಂದು ಮಾತು ಯಾವಾಗಲೂ ಹೇಳ್ತಿದ್ದ: "ಸಂಜಿಗಿ ಪೆಟಗಿ ಮುಚ್ಚೋ ಮುಂದ ಊರಿನ ರೊಕ್ಕ ಊರಾಗೇ ಇರ್ತಿತ್ತು."

1979ರ ಏಪ್ರಿಲ್ 1ಕ್ಕೆ, ದೇವರಾಜ ಅರಸು ಅವರ ಸರಕಾರ ಆಕ್ಟ್ರಾಯ್ ರದ್ದು ಮಾಡಿತು. ವ್ಯಾಪಾರಿಗಳು, ಲಾರಿಯವರು ಖುಷಿಪಟ್ಟರು, ಅದರಲ್ಲಿ ತಪ್ಪೇನೂ ಇಲ್ಲ. ಅದೇ ವರ್ಷ ರಾಜ್ಯ ತನ್ನದೇ ಪ್ರವೇಶ ತೆರಿಗೆ ಕಾಯ್ದೆ ತಂತು. ಊರುಗಳಿಗೆ ಪರಿಹಾರ ಅನುದಾನ ಅಂತಾಯ್ತು. 2017ರ ಜುಲೈ 1ಕ್ಕೆ ಪ್ರವೇಶ ತೆರಿಗೆಯೂ ಜಿಎಸ್‌ಟಿಯೊಳಗೆ ಕರಗಿತು. ಅಂದರೆ ಮುತ್ಯಾನ ಪೆಟ್ಟಿಗೆ ಮೊದಲು ಬೆಂಗಳೂರಿಗೆ ಹೋಯ್ತು, ಆಮೇಲೆ ದಿಲ್ಲಿಗೂ ಹೋಯ್ತು. ಊರಿಗೆ ಉಳಿದದ್ದು ಮನೆ ಕರ, ನೀರಿನ ಕರ, ಅಂಗಡಿ ಬಾಡಿಗೆ, ಲೈಸೆನ್ಸ್ ಶುಲ್ಕ. ಉಳಿದದ್ದೆಲ್ಲ ಮೇಲಿನಿಂದ ಬರೋ ಅನುದಾನ.

ನನ್ನ ಪ್ರಕಾರ ನಮ್ಮ ಪುರಸಭೆಗಳ ಇತಿಹಾಸದಲ್ಲಿ ಚುನಾವಣೆಗಳಿಗಿಂತ ದೊಡ್ಡ ತಿರುವು ಅದೇ, 1979. 1993ರಲ್ಲಿ 74ನೇ ತಿದ್ದುಪಡಿ ಜಾರಿಗೆ ಬಂದು, ಸಂವಿಧಾನದ 12ನೇ ಅನುಸೂಚಿಯಲ್ಲಿ 18 ಕೆಲಸಗಳ ಪಟ್ಟಿ ಕೊಟ್ಟರು. ಕೆಲಸದ ಪಟ್ಟಿ ಕೆಳಗೆ ಬಂತು, ಪೆಟ್ಟಿಗೆ ಮೇಲೇ ಉಳೀತು.

ಬಜೆಟ್ ಮೂರು ಸಲ ಹುಟ್ಟುತ್ತೆ

ಈಗ ಅಪ್ಪನ ಚರಂಡಿಗೆ ವಾಪಸ್ ಬರ್ತೀನಿ.

ಪುರಸಭೆ ಬಜೆಟ್ ಪುಸ್ತಕ ಯಾವತ್ತಾದರೂ ತೆರೆದಿದ್ದೀರಾ? 2006ರಲ್ಲಿ ಲೆಕ್ಕಪತ್ರ ಮತ್ತು ಬಜೆಟ್‌ಗೆ ಪ್ರತ್ಯೇಕ ನಿಯಮಗಳು ಬಂದವು. ಒಂದೊಂದು ಲೆಕ್ಕಶೀರ್ಷಿಕೆಯ ಮುಂದೆ ಹಲವು ಅಂಕಣ ಇರುತ್ತವೆ. ಹೋದ ವರ್ಷ ನಿಜವಾಗಿ ಆದದ್ದು. ಈ ವರ್ಷ ಅಂದುಕೊಂಡದ್ದು. ಈ ವರ್ಷ ಅರ್ಧ ದಾರಿಯಲ್ಲಿ ತಿದ್ದಿದ್ದು, ಇದಕ್ಕೆ ಪರಿಷ್ಕೃತ ಅಂದಾಜು ಅಂತಾರೆ. ಕೊನೆಗೆ ಮುಂದಿನ ವರ್ಷದ ಕನಸು. ಅಂದರೆ ಒಂದೇ ವರ್ಷದ ಬಜೆಟ್ ಮೂರು ಸಲ ಹುಟ್ಟುತ್ತೆ: ಆಸೆಯಾಗಿ, ತಿದ್ದುಪಡಿಯಾಗಿ, ಸತ್ಯವಾಗಿ. ಪೇಪರಿನಲ್ಲಿ ಸುದ್ದಿಯಾಗೋದು ಮೊದಲನೇದು ಮಾತ್ರ.

ತಿದ್ದುಪಡಿ ಯಾಕೆ ಬೇಕು? ಅಂದುಕೊಂಡ ಅನುದಾನ ಬರಲ್ಲ. ಕರ ವಸೂಲಿ ಆಗಲ್ಲ. ಮೋಟರ್ ಸುಡುತ್ತೆ. ಬರ ಬೀಳುತ್ತೆ. ಆಗ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಣ ಸರಿಸಬೇಕು, ಸಾಮಾನ್ಯ ಸಭೆಯಲ್ಲಿ ಠರಾವು ಆಗಬೇಕು. ಅರ್ಜೆಂಟ್ ಇದ್ದರೆ ಮೊದಲು ಖರ್ಚು, ಆಮೇಲೆ 'ಘಟನೋತ್ತರ ಅನುಮೋದನೆ'. ಈ ಪದವನ್ನ ನೆನಪಿಟ್ಟುಕೊಳ್ಳಿ. ಆಗಿಹೋದ ಮೇಲೆ ಒಪ್ಪಿಗೆ ಕೊಡೋದು ಅಂತ ಅರ್ಥ. ಅದು ಅಪರೂಪಕ್ಕೆ ಬಂದರೆ ವ್ಯವಹಾರ ಜ್ಞಾನ. ಪ್ರತಿ ಸಭೆಯಲ್ಲೂ ಹತ್ತು ಬಂದರೆ, ಸಭೆ ಬರೀ ಸಹಿ ಹಾಕೋ ಜಾಗ ಆಗಿದೆ ಅಂತ ತಿಳ್ಕೊಳ್ಳಿ.

ಇಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ಅರ್ಥ ಆಗೋಕೆ ಬಹಳ ದಿನ ಹಿಡೀತು. ಅನುದಾನಗಳಿಗೆ ಮೂಗುದಾರ ಇರುತ್ತೆ. ಉದಾಹರಣೆಗೆ 15ನೇ ಹಣಕಾಸು ಆಯೋಗದಲ್ಲಿ ನಮ್ಮಂಥ ಊರುಗಳಿಗೆ ಬಂದ ಹಣದ ಬಹುಪಾಲು ಕುಡಿಯೋ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ಪುರಸಭೆಯ ಸ್ವಂತ ನಿಧಿಯಲ್ಲೂ ಶೇ 24.1 ಪರಿಶಿಷ್ಟ ಜಾತಿ, ಪಂಗಡದವರ ಕೆಲಸಕ್ಕೆ, ಶೇ 7.25 ಇತರ ಬಡವರಿಗೆ, ಅಂಗವಿಕಲರಿಗೆ ಇನ್ನೊಂದು ಪಾಲು ಅಂತ ತೆಗೆದಿಡಬೇಕು. ಇದು ನ್ಯಾಯವಾದದ್ದೇ, ಆ ಪಾಲನ್ನ ಮುಟ್ಟಲೂಬಾರದು. ಹಾಗಾದರೆ ಕಷ್ಟ ಬಂದಾಗ ಸರಿಸೋಕೆ ಉಳಿಯೋದು ಯಾವ ಹಣ? ಸ್ವಂತ ನಿಧಿಯಲ್ಲಿ ಉಳಿದ ಚೂರು. ಅಪ್ಪನ ಚರಂಡಿ ಅದೇ ಚೂರಿನಲ್ಲಿತ್ತು.

2016ರ ಬೇಸಿಗೆ ನೆನಪಿದೆಯಾ? ನಿಮ್ಮಲ್ಲಿ ಕೆಲವರು ಆಗ ಹೈಸ್ಕೂಲು. ಬೋರ್‌ವೆಲ್ಲುಗಳು ಬತ್ತಿಹೋಗಿದ್ದವು, ಓಣಿಗೆ ಟ್ಯಾಂಕರ್ ಬಂದರೆ ಜಾತ್ರೆ. ಅವ್ವ ಎರಡು ಕೊಡ ಹಿಡಿದು ನಸುಕಿನಲ್ಲೇ ಸಾಲಿಗೆ ನಿಲ್ಲೋಳು. ಟ್ಯಾಂಕರಿನವರಿಗೆ ಕೊಡೋಕೆ ಹಣ ಬೇಕಿತ್ತು. ಅದು ಬಂದದ್ದು ಎಲ್ಲಿಂದ? ಮೂಗುದಾರ ಇಲ್ಲದ ಆ ಚೂರಿನಿಂದ.

ಅಂದರೆ ಮೂರು ವರ್ಷ ನಾನು ಯಾರನ್ನ ಬೈಯುತ್ತಿದ್ದೆನೋ, ಆ ನೀರನ್ನ ನಾನೇ ಕುಡಿದಿದ್ದೆ. ಇದನ್ನ ಹೇಳುವಾಗ ನನಗೆ ನಗು ಬರಲ್ಲ. ನೀರು ಕೊಟ್ಟಿದ್ದು ತಪ್ಪಲ್ಲ. ಆದರೆ ಹಣ ಸರಿಸಿದ ಮೇಲೆ ಮುಂದಿನ ಬಜೆಟ್ಟಿನಲ್ಲಿ 'ಬಾಕಿ ಬಿಲ್' ಅಂತ ಮೊದಲ ಸಾಲಿನಲ್ಲಿ ಬರೆದು ತೀರಿಸಬೇಕಿತ್ತು. ಅದರ ಬದಲು ಹೊಸ ಕಾಮಗಾರಿ ಬಂದವು, ಹೊಸ ಭೂಮಿಪೂಜೆ ಆದವು. ಹಳೇ ಚರಂಡಿಗೆ ತೆಂಗಿನಕಾಯಿ ಒಡೆಯೋರು ಯಾರು?

ಟೆಂಡರು, ತುಂಡು

ಇನ್ನು ಗುತ್ತಿಗೆ. ಒಂದು ಸರಿಯಾದ ಕೆಲಸದ ದಾರಿ ಹೀಗಿರುತ್ತೆ: ಕ್ರಿಯಾ ಯೋಜನೆ, ಅದಕ್ಕೆ ಅನುಮೋದನೆ, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್. ಮೊದಲು ಟೆಂಡರ್ ಅಂದರೆ ಕಚೇರಿಯ ನೋಟಿಸ್ ಬೋರ್ಡಿನ ಒಂದು ಹಾಳೆ, ಅದನ್ನ ಬೆಳಿಗ್ಗೆ ಹಚ್ಚಿ ಮಧ್ಯಾಹ್ನ ಕೀಳ್ತಿದ್ದರು ಅಂತ ಹಳಬರು ಹೇಳ್ತಾರೆ. 1999ರಲ್ಲಿ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಮಾಡಿತು. ಎಲ್ಲರೂ ಕೆಟಿಪಿಪಿ ಅಂತಾರೆ. 2000ದಲ್ಲಿ ಜಾರಿಗೆ ಬಂತು. 2007ರಿಂದ ಇ-ಪ್ರೊಕ್ಯೂರ್‌ಮೆಂಟ್ ಶುರುವಾಗಿ ಟೆಂಡರ್ ಕಂಪ್ಯೂಟರಿಗೆ ಹೋಯ್ತು. ಮುಂದೆ 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಶೇ 24.1 ಮೀಸಲು ಬಂತು. ಆಮೇಲೆ ಆ ಮಿತಿ 1 ಕೋಟಿಗೆ ಏರಿತು.

ಕಾನೂನು ಬಂದಲ್ಲಿ ಕಿಂಡಿಯೂ ಇರುತ್ತೆ. ಒಂದು ಮಿತಿಗಿಂತ ಸಣ್ಣ ಕೆಲಸಕ್ಕೆ ಆ ಪೂರ್ತಿ ಟೆಂಡರ್ ದಾರಿ ಬೇಡ. ಹಾಗಾಗಿ ಒಂದು ಉದ್ದ ಚರಂಡಿಯನ್ನ ನಾಲ್ಕು ತುಂಡು ಮಾಡಿ, ನಾಲ್ಕು ಜನರಿಗೆ ಕೊಡೋದು. ಹೀಗೆ ಒಡೆಯಬಾರದು ಅಂತ ನಿಯಮವೇ ಇದೆ. ಆದರೂ ತುಂಡು ಗುತ್ತಿಗೆ ಅನ್ನೋ ಪದ ನಮ್ಮ ಪೇಪರುಗಳಿಂದ ಹೋಗಿಲ್ಲ.

ಇಲ್ಲಿ ನಾನು ಪ್ರಾಮಾಣಿಕವಾಗಿ ಇರಬೇಕು. ಅಪ್ಪನ ಚರಂಡಿಯೂ ಅಂಥ ಒಂದು ತುಂಡೇ. ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಪೂರಾ ಟೆಂಡರ್ ಆಗಿದ್ರ ನನಗೆಲ್ಲಿ ಸಿಗ್ತಿತ್ತಪಾ? ದೊಡ್ಡವ್ರು ಹೊಡಕೊಂಡು ಹೋಗ್ತಿದ್ರು. ತುಂಡಾಗಿದ್ದಕ್ಕೇ ನಮ್ಮ ಪಾಲಿಗಿ ಬಂತು." ಅದೂ ನಿಜ. ಆದರೆ ತುಂಡು ಕೆಲಸಕ್ಕೆ ಬೆನ್ನಿಗೆ ಗಟ್ಟಿ ಕಾಗದ ಇರಲ್ಲ, ಕೇಳೋ ದನಿಯೂ ಇರಲ್ಲ. ದೊಡ್ಡ ಗುತ್ತಿಗೆದಾರನ ಬಿಲ್ ನಿಂತರೆ ಫೋನ್ ಹೋಗುತ್ತೆ. ಅಪ್ಪನ ಬಿಲ್ ನಿಂತರೆ ಅಪ್ಪನೇ ಹೋಗಬೇಕು, ಬಾಗಿಲ ಹೊರಗೆ ಬೆಂಚಿನ ಮೇಲೆ ಕೂರಬೇಕು. ಕಿಂಡಿಯಲ್ಲಿ ಒಳಗೆ ಬಂದವನಿಗೆ ಬಾಗಿಲು ತಟ್ಟೋ ಧೈರ್ಯ ಇರಲ್ಲ.

ದೊಡ್ಡವರ ಕಷ್ಟವೂ ಸುದ್ದಿಯಾಗಿದೆ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೇ ಪತ್ರ ಬರೆದು ಶೇ 40 ಕಮಿಷನ್ ಆರೋಪ ಮಾಡಿದ್ದು ನಿಮಗೆ ಗೊತ್ತಿದೆ. 2023ರಲ್ಲಿ ಸರಕಾರ ಬದಲಾದ ಮೇಲೆ ನಿವೃತ್ತ ನ್ಯಾಯಮೂರ್ತಿ ನಾಗಮೋಹನ ದಾಸ್ ಅವರ ಆಯೋಗಕ್ಕೆ ವಿಚಾರಣೆ ವಹಿಸಿದರು. ಆ ಗದ್ದಲದಲ್ಲಿ ನಾಲ್ಕನೇ ದರ್ಜೆಯವರ ಹೆಸರು ಎಲ್ಲೂ ಬರಲಿಲ್ಲ.

ಒಂದು ರಸ್ತೆ, ನಾಲ್ಕು ಪೆಟ್ಟಿಗೆ

'ಆದರೆ ನಮ್ಮ ಭಾಗಕ್ಕೆ ವಿಶೇಷ ಹಣ ಬರುತ್ತಲ್ಲ' ಅಂತ ನೀವು ಕೇಳಬಹುದು. ಬರುತ್ತೆ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಹೇಳಿತು. ಆ 39ರಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಇದ್ದವು. ಶಹಾಬಾದ್ ಮತ್ತು ವಾಡಿ ಆಗ ಚಿತ್ತಾಪುರ ತಾಲ್ಲೂಕಿನೊಳಗೇ ಇದ್ದವು, ಹಾಗಾಗಿ ಐದೂ ಊರು ಅಂತಲೇ ಲೆಕ್ಕ. ಒಂದು ಸಲ ಯೋಚಿಸಿ: ಚಿಂಚೋಳಿ, ಎರಡು ಸಲ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರ ಊರು. ಶಹಾಬಾದ್, ವಾಡಿ, ಸೇಡಂ ದೇಶಕ್ಕೆ ಸಿಮೆಂಟ್ ಕೊಟ್ಟ ಊರುಗಳು. ಆದರೂ ಅತ್ಯಂತ ಹಿಂದುಳಿದವು.

2013ರಲ್ಲಿ 371(ಜೆ) ಜಾರಿಗೆ ಬಂತು, ಹಳೇ ಅಭಿವೃದ್ಧಿ ಮಂಡಳಿಗೆ ಹೊಸ ಬಲ ಸಿಕ್ತು. ಈಗ ಅದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. 2023-24ಕ್ಕೆ ಅದಕ್ಕೆ 5,000 ಕೋಟಿ ರೂಪಾಯಿ ಘೋಷಣೆ ಆಯ್ತು. 2015ರಿಂದ ಗಣಿ ಪ್ರದೇಶಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವೂ ಇದೆ.

ಒಳ್ಳೇದೇ. ಆದರೆ ಈ ಕೆಲಸಗಳನ್ನ ಬಹಳ ಸಲ ಮಾಡೋದು ಪುರಸಭೆ ಅಲ್ಲ. ಲೋಕೋಪಯೋಗಿ ಇಲಾಖೆ, ನಿರ್ಮಿತಿ ಕೇಂದ್ರ, ಇಲ್ಲವೇ ಕೆಆರ್‌ಐಡಿಎಲ್. 1974ರಲ್ಲಿ ಭೂಸೇನೆ ಅಂತ ಶುರುವಾಗಿ 2009ರಲ್ಲಿ ಹೆಸರು ಬದಲಾದ ನಿಗಮ ಅದು. ಹಾಗಾಗಿ ನಿಮ್ಮ ಓಣಿಯ ಸಿಸಿ ರಸ್ತೆ ಪುರಸಭೆಯ ಬಜೆಟ್ಟಿನಲ್ಲಿ ಕಾಣದೇ ಇರಬಹುದು. ರಸ್ತೆ ಒಂದು, ಪೆಟ್ಟಿಗೆ ನಾಲ್ಕು. ಕಿತ್ತುಹೋದಾಗ ಯಾರನ್ನ ಕೇಳೋದು? ಪುರಸಭೆ ಅನ್ನುತ್ತೆ, ನಮ್ಮದಲ್ಲ. ಮಾಡಿದವರು ಅನ್ನುತ್ತಾರೆ, ಹಸ್ತಾಂತರ ಆಗಿದೆ. ಹಣ ಹೆಚ್ಚಾದಷ್ಟೂ ಹೊಣೆ ಹಂಚಿಹೋಗಿದೆ, ಇದು ನನ್ನ ಅನಿಸಿಕೆ.

ನಾವು ಏನು ನೋಡಬಹುದು

ಭಾಷಣ ಮಾಡಲ್ಲ, ಮೂರೇ ಮಾತು ಹೇಳ್ತೀನಿ.

ಒಂದು, ಬಜೆಟ್ ಮಂಡನೆಗೆ ಮುಂಚೆ ಪೂರ್ವಭಾವಿ ಸಭೆ ಕರೀತಾರೆ. ಸಾಮಾನ್ಯವಾಗಿ ಹೋಗೋದು ಹತ್ತಿಪ್ಪತ್ತು ಜನ. ನೀವು ಹೋಗಿ ಒಂದೇ ಪ್ರಶ್ನೆ ಕೇಳಿ: ಹೋದ ವರ್ಷದ ಅಂದಾಜು ಎಷ್ಟು, ನಿಜವಾಗಿ ಆದದ್ದು ಎಷ್ಟು?

ಎರಡು, ಮಾಹಿತಿ ಹಕ್ಕು. 2005ರ ಕಾಯ್ದೆ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. 'ಬಾಕಿ ಇರುವ ಬಿಲ್ಲುಗಳ ಪಟ್ಟಿ, ವರ್ಷವಾರು' ಅಂತ ಕೇಳಿದರೆ ಊರಿನ ನಿಜವಾದ ಬಜೆಟ್ ನಿಮ್ಮ ಕೈಗೆ ಬರುತ್ತೆ.

ಮೂರು, ಮನೆ ಕರ ಕಟ್ಟಿ. ನಗಬೇಡಿ. ಮೂಗುದಾರ ಕಡಿಮೆ ಇರೋ ಹಣದಲ್ಲಿ ಅದೂ ಒಂದು. ಮುತ್ಯಾನ ಪೆಟ್ಟಿಗೆಯಲ್ಲಿ ಊರಿಗೆ ಉಳಿದಿರೋ ಕೊನೆಯ ಖಾನೆ ಅದು.

ಅಪ್ಪ ಈಗ ಗುತ್ತಿಗೆ ಬಿಟ್ಟಿದ್ದಾರೆ, ಲೈಸೆನ್ಸ್ ನವೀಕರಿಸಿಲ್ಲ. ಈ ಸಂಚಿಕೆ ಬರೆಯೋ ಮುಂಚೆ ಅವರನ್ನ ಆ ಓಣಿಗೆ ಕರ್ಕೊಂಡು ಹೋಗಿದ್ದೆ. ಮಳೆ ಬಂದು ನಿಂತಿತ್ತು, ನೀರು ಹರೀತಿತ್ತು. ಬಗ್ಗಿ ಚರಂಡಿ ಅಂಚನ್ನ ಕೈಯಿಂದ ಮುಟ್ಟಿ ನೋಡಿದರು. ಪಕ್ಕದ ತುಂಡು, ಬೇರೆಯವರು ಕಟ್ಟಿದ್ದು, ಬಿರುಕು ಬಿಟ್ಟಿತ್ತು. "ನಮ್ದು ಗಟ್ಟಿ ಅದ ನೋಡು" ಅಂದರು. ಆಮೇಲೆ ಮನೆ ಮುಟ್ಟೋವರೆಗೂ ಮಾತಾಡಲಿಲ್ಲ.

ನಿಮ್ಮ ಮನೆಯಲ್ಲೂ ನಾಕಾ, ಕಾರ್ಖಾನೆ, ಪುರಸಭೆಯಲ್ಲಿ ಕೆಲಸ ಮಾಡಿದ ಹಿರಿಯರು ಇದ್ದರೆ ಕೂತು ಮಾತಾಡಿಸಿ, ಫೋನಿನಲ್ಲೇ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಕಡತದಲ್ಲಿ ಇಲ್ಲದ್ದು ಅವರ ಹತ್ತಿರ ಇರುತ್ತೆ. ಮುಂದಿನ ವಾರ ಸಿಗೋಣ. ಬರ್ತೀನ್ರಿ.